ಬಿಚ್ಚಿದ ಅರ್ಧ ಇಂಚು

ಶಿರಸಿ ಬಸ್ಸಿನಲ್ಲಿ ಡ್ರೈವರ್ ಬದಿಯ ಕಿಟಕಿಗೆ ಪ್ರತಿಭಾಳನ್ನು ಕೂರಿಸಿ ಪಕ್ಕದಲ್ಲಿ ತಾನು ಕೂತಾಗಿನಿಂದ ದುರ್ಗಮ್ಮನಿಗೆ ತನ್ನ ಬಲಗೈಯನ್ನು ಎಲ್ಲಿಡಬೇಕೆಂಬುದೇ ತಿಳಿಯದೆ ಹೋಗಿತ್ತು. ಮುಂದಿನ ಸೀಟಿನ ಕಂಬಿ ಹಿಡಿದರೆ ಬಸ್ಸು ತಿರುಗಿದಾಗಲೆಲ್ಲ ಮೊಣಕೈ ಪ್ರತಿಭಾಳ ಎಡ ಮಗ್ಗುಲಿಗೆ ತಾಗುತ್ತಿತ್ತು. ಹನ್ನೆರಡು ದಿನದ ಹಿಂದೆ ಆ ಬದಿಯ ಮೊಲೆಗೇ ಸೂಜಿ ಹಾಕಿ ಪರೀಕ್ಷೆಗೆಂದು ಚೂರು ತೆಗೆದಿದ್ದರು. ತಾಗಿದಾಗ ಅವಳು ಏನೂ ಅನ್ನುತ್ತಿರಲಿಲ್ಲ. ಕಿಟಕಿಯ ಕಡೆಗೆ ಒಂದಿಷ್ಟು ಸರಿಯುತ್ತಿದ್ದಳು, ಅಷ್ಟೆ. ಹಾಗೆ ಸರಿಯುವುದನ್ನು ಕಂಡು ದುರ್ಗಮ್ಮ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು, ಆಮೇಲೆ ಮಡಿಲಲ್ಲಿದ್ದ ಬಟ್ಟೆಯ ಚೀಲದ ಕೆಳಗೆ ತೂರಿಸಿದಳು. ಮೂವತ್ತು ವರ್ಷ ಸಿದ್ದಾಪುರದ ಹೆಂಗಸರಿಗೆ ರವಿಕೆ ಹೊಲಿದ ಕೈ ಅದು. ಯಾರ ಯಾವ ಹೆಗಲು ಇಳಿದಿದೆ, ಯಾರು ಬಾಣಂತನದ ನಂತರ ಮೊದಲಿನಂತಾಗಲಿಲ್ಲ, ಯಾರು ಗಂಡನ ಮನೆಯಲ್ಲಿ ಸರಿಯಾಗಿ ಉಣ್ಣುತ್ತಿಲ್ಲ, ಎಲ್ಲ ಅದಕ್ಕೆ ಗೊತ್ತು. ಇವತ್ತು ಮಾತ್ರ ಬೇರೆ ಯಾರದೋ ಸಾಮಾನನ್ನು ತಾನು ಹೊತ್ತು ತಂದ ಹಾಗೆ ಅದು ಮಡಿಲಲ್ಲಿ ಬಿದ್ದುಕೊಂಡಿತ್ತು. ಮೈಯೆಲ್ಲ ದಣಿದಿತ್ತು. ಬೆಳಿಗ್ಗೆಯಿಂದ ಅವಳು ಒಂದು ಗುಂಡಿಯನ್ನೂ ಹಚ್ಚಿರಲಿಲ್ಲ.

ದಾರಿಯಲ್ಲಿ ಹತ್ತಿದ ಹೆಂಗಸೊಬ್ಬಳು ಇವರ ಸೀಟಿಗೇ ಒರಗಿ ನಿಂತು, "ದುರ್ಗಕ್ಕಾ, ನನ್ನ ಹಸಿರು ಬ್ಲೌಸು ಚೌತಿಗಾದ್ರೂ ಸಿಗ್ತದಾ ಇಲ್ದಾ? ಕೊಟ್ಟು ತಿಂಗಳಾಯ್ತು," ಎಂದು ಬಸ್ಸಿಗೆಲ್ಲ ಕೇಳುವಂತೆ ವಿಚಾರಿಸಿದಳು. "ಸಿಗ್ತದೆ ಮಾರಾಯ್ತಿ. ಅದಕ್ಕೇ ಲೈನಿಂಗ್ ತರೂಕೆ ಹೊಂಟಿದ್ದೆ," ಎಂದಳು ದುರ್ಗಮ್ಮ. "ಅಕ್ಕೋರ ಸವಾರಿ ಎಲ್ಲಿಗೆ?" ಎಂದು ಆ ಹೆಂಗಸು ಪ್ರತಿಭಾಳತ್ತ ಬಗ್ಗಿದಳು. ಅಂಗನವಾಡಿಯಲ್ಲಿ ಹದಿನೆಂಟು ವರ್ಷದಿಂದ ಮಕ್ಕಳಿಗೆ ಕಲಿಸುವ ಪ್ರತಿಭಾಳನ್ನು ಊರೆಲ್ಲ ಕರೆಯುವುದು ಅಕ್ಕೋರು ಎಂದೇ. "ಮೀಟಿಂಗು," ಎಂದಳು ಅವಳು, ತಲೆ ತಿರುಗಿಸದೆ. ಅಂಗನವಾಡಿಯವರಿಗೆ ಸದಾ ಒಂದಲ್ಲ ಒಂದು ಮೀಟಿಂಗು ಇರುವುದರಿಂದ ಆ ಹೆಂಗಸು ಅದನ್ನು ನಂಬಿ ಮುಂದಕ್ಕೆ ನುಗ್ಗಿದಳು. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ದುರ್ಗಮ್ಮನಿಗೆ ಅನ್ನಿಸಿತು. ತನ್ನದೂ ಹಾಗೇ ಸಲೀಸಾಗಿ ಬಂದಿತ್ತಲ್ಲ ಎಂದೂ ಅನ್ನಿಸಿತು. ಫಲಿತಾಂಶ ತರಲು ಪ್ರತಿಭಾ ಗಂಡನನ್ನು ಬಿಟ್ಟು ತನ್ನನ್ನು ಕರೆದದ್ದಕ್ಕೆ ಹೇಳಿದ ಕಾರಣವೂ ಲೈನಿಂಗ್ ಬಟ್ಟೆಯೇ. ಮೊನ್ನೆ ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ಅವ್ರನ್ನ ಕರ್ಕಂಡು ಹೋದ್ರೆ ಅವ್ರನ್ನೇ ಸಂಭಾಳಿಸೂದಾಗ್ತದೆ ದುರ್ಗಕ್ಕ. ನೀವು ಬನ್ನಿ. ಹ್ಯಾಂಗೂ ಲೈನಿಂಗ್ ತರೂಕೆ ಶಿರಸಿಗೆ ಹೋಗೂದು ಅಲ್ದಾ?" ಎಂದಿದ್ದಳು. ಗಂಡ ಉಲ್ಲಾಸ ಸ್ಕೂಲ್ ವ್ಯಾನ್ ಓಡಿಸುವವನು, ಗಟ್ಟಿ ಆಳು. ಆದರೆ ಹಿಂದಿನ ಸಲ ಡಾಕ್ಟರು ಇನ್ನೂ ಏನೂ ಹೇಳುವ ಮೊದಲೇ ಹೋ ಎಂದು ಅತ್ತು, ಹೊರಗೆ ಕೂತವರೆಲ್ಲ ಬಾಗಿಲಿಗೆ ಬಂದು ಇಣುಕುವಂತೆ ಮಾಡಿದ್ದನಂತೆ. ಅದನ್ನು ಹೇಳುವಾಗ ಪ್ರತಿಭಾ ಒಂದು ಸಲ ನಕ್ಕಿದ್ದಳು.

ಆ ನಗು ದೀಪಾವಳಿಯದ್ದೇ ನಗು. ಕಳೆದ ದೀಪಾವಳಿಯ ಹಿಂದಿನ ವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರತಿಭಾ ಯಾವತ್ತೂ ಮೈಯಳತೆ ಕೊಡುವವಳಲ್ಲ. ಎಲ್ಲರ ಹಾಗೆ ಹಳೆಯ ರವಿಕೆಯೊಂದನ್ನು ಬಟ್ಟೆಯ ಜೊತೆ ಸುತ್ತಿ ತಂದು, "ಇದ್ರ ಹಾಂಗೇ" ಎಂದು ಮೇಜಿನ ಮೇಲಿಟ್ಟು ಹೋಗುವವಳು. ಅವತ್ತು ಸಮವಸ್ತ್ರದ ರವಿಕೆಯನ್ನು ತೊಟ್ಟುಕೊಂಡೇ ಬಂದು, "ಎಡಗಡೆ ಎಳೀತದೆ ದುರ್ಗಕ್ಕ, ಒಂಚೂರು ಮೈಮೇಲೇ ಹಿಡಿದು ನೋಡಿ," ಎಂದಿದ್ದಳು. ಪರದೆಯ ಹಿಂದೆ ಕರೆದೊಯ್ದು, ಟೇಪು ಸುತ್ತಿ, ಬಟ್ಟೆ ಎಲ್ಲಿ ಬಿಗಿಯುತ್ತದೆಂದು ನೋಡಲು ಹೆಬ್ಬೆರಳು ತೋರುಬೆರಳುಗಳನ್ನಿಟ್ಟು ಒತ್ತಿದಾಗ ಅದು ಸಿಕ್ಕಿತು. ಗಟ್ಟಿಯಾದದ್ದು, ಒತ್ತಿದರೆ ಸರಿಯದ್ದು, ಅಸ್ತರಿನೊಳಗೆ ಮರೆತು ಹೊಲಿದುಬಿಟ್ಟ ಗುಂಡಿಯ ಹಾಗೆ. ದುರ್ಗಮ್ಮ ಬೆರಳನ್ನು ತೆಗೆಯಲಿಲ್ಲ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಅಲ್ಲೇ ಇಟ್ಟಿದ್ದಳು. ಪ್ರತಿಭಾ ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತಿದ್ದಳು. ಹೊರಗೆ ಯಾರೋ, "ದುರ್ಗಕ್ಕಾ, ಬಸ್ಸು ಹೋಗ್ತದೆ," ಎಂದು ಕೂಗಿದರು. ಆಗ ದುರ್ಗಮ್ಮ ಕೈ ತೆಗೆದು, "ದಪ್ಪ ಆಗಿದ್ರಿ ಅಕ್ಕೋರೆ. ಅಂಗನವಾಡಿ ಉಪ್ಪಿಟ್ಟು ಹಿಡದದೆ," ಎಂದಳು. ಪ್ರತಿಭಾ ನಕ್ಕಳು, ಒಂದು ಕ್ಷಣ ತಡವಾಗಿ. ಅವಳು ಕಳಚಿ, ಚೀಲದಲ್ಲಿದ್ದ ಇನ್ನೊಂದನ್ನು ತೊಟ್ಟು, ಕೊಟ್ಟುಹೋದ ರವಿಕೆಯ ಎಡ ಮಗ್ಗುಲ ಹೊಲಿಗೆಯನ್ನು ದುರ್ಗಮ್ಮ ಸಂಜೆ ಬ್ಲೇಡಿನಿಂದ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯಲ್ಲಿ ಅರ್ಧ ಇಂಚು ಸಡಿಲಿಸಿ ಮತ್ತೆ ಹೊಲಿದಳು. ಎಡಕ್ಕೆ ಮಾತ್ರ. ಬಲಗಡೆಯದನ್ನು ಮುಟ್ಟಲಿಲ್ಲ. ಅಳತೆ ಪುಸ್ತಕದಲ್ಲಿ ತಾರೀಖು ಹಾಕಿ, "ಪ್ರತಿಭಾ ಅಕ್ಕೋರು, ಎಡ ಅರ್ಧ" ಎಂದು ಬರೆದಳು. ದಪ್ಪವಾದವರಿಗೆ ಎರಡೂ ಬದಿ ಬಿಡಬೇಕೆಂಬುದು ಹೊಲಿಗೆ ಕಲಿಯುವ ಹುಡುಗಿಗೂ ಗೊತ್ತಿರುತ್ತದೆ.

ಯಾಕೆ ಹೇಳಲಿಲ್ಲ ಎಂದು ಮೊನ್ನೆ ಸಂಜೆಯಿಂದ ಅವಳು ತನ್ನನ್ನೇ ಕೇಳಿಕೊಳ್ಳದ ಹೊತ್ತಿಲ್ಲ. ಕೇಳಿಕೊಂಡಾಗಲೆಲ್ಲ ಶಿರಸಿಯ ಹೊಲಿಗೆ ಕ್ಲಾಸಿನಲ್ಲಿ ತನಗೆ ಕತ್ತರಿ ಹಿಡಿಯಲು ಕಲಿಸಿದ ಬನವಾಸಿ ಕಡೆಯ ನೀಲಗಂಗವ್ವ ಎದುರು ಬಂದು ನಿಲ್ಲುತ್ತಿದ್ದಳು. ಹಣೆತುಂಬ ವಿಭೂತಿ, ಬಾಯಿ ತುಂಬ ಎಲೆ. "ನಾವು ಹೆಣ್ಮಕ್ಕಳ ಮೈ ಮುಟ್ಟಿ ದುಡಿಯೋರು ನೋಡವ್ವಾ. ಏನ್ ಕಂಡ್ರೂ ಕಂಡಿಲ್ಲ ಅನ್ನಬೇಕು. ಒಬ್ಬಾಕಿ ಸುದ್ದಿ ಇನ್ನೊಬ್ಬಾಕಿ ಕಿವೀಗೆ ಹೋತಂದ್ರ ನಿನ್ನ ಅಂಗಡಿಗೆ ಯಾರೂ ಬರಂಗಿಲ್ಲ." ಆ ಮಾತನ್ನು ದುರ್ಗಮ್ಮ ಒಂದೇ ಒಂದು ಸಲ ಮೀರಿದ್ದಳು. ಅಂಗಡಿ ಹಾಕಿದ ಹೊಸತರಲ್ಲಿ, ಕಾಲೇಜು ಹುಡುಗಿಯೊಬ್ಬಳ ಸೊಂಟ ಎರಡು ತಿಂಗಳಲ್ಲಿ ಎರಡೂವರೆ ಇಂಚು ಏರಿದ್ದನ್ನು ಕಂಡು, ಹೆದರಿ, ಅವಳ ತಾಯಿಯನ್ನು ಬದಿಗೆ ಕರೆದು ಹೇಳಿದಳು. ಆ ತಾಯಿ ಸಂತೆಯ ದಿನ ಅಂಗಡಿಯ ಮುಂದೆ ನಿಂತು, ಇವಳು ಬಟ್ಟೆ ಹೊಲಿಯುವವಳಲ್ಲ, ಮಾನ ಕಳೆಯುವವಳು ಎಂದು ಕೂಗಾಡಿದಳು. ಆ ಕೇರಿಯವರು ಒಂದು ವರ್ಷ ಅತ್ತ ತಲೆ ಹಾಕಲಿಲ್ಲ. ಹುಡುಗಿಯನ್ನು ಮುಂದಿನ ತಿಂಗಳೇ ಅವಸರವಸರವಾಗಿ ಮದುವೆ ಮಾಡಿ ಕಳಿಸಿದರು. ದುರ್ಗಮ್ಮ ಹೇಳಿದ್ದು ಸರಿ ಎಂದು ಊರಿಗೆಲ್ಲ ಗೊತ್ತಾಯಿತು, ಆದರೂ ಯಾರೂ ಬೇಗ ತಿರುಗಿ ಬರಲಿಲ್ಲ. ಆ ವರ್ಷ ಖಾಲಿ ಮಷಿನಿನ ಮುಂದೆ ಕೂತು ಅವಳು ಸುಮ್ಮನಿರುವುದನ್ನು ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ, ದೀಪಾವಳಿಯ ಆ ಸಂಜೆ ತಾನು ಏನನ್ನೋ ಮುಚ್ಚಿಟ್ಟೆ ಎಂದೂ ಅವಳಿಗೆ ಅನ್ನಿಸಲಿಲ್ಲ. ರವಿಕೆ ಸರಿಯಾಗಿ ಕೂತರೆ ಮುಗಿಯಿತು ಎಂದುಕೊಂಡಿದ್ದಳು.

ಆಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಬರೆಯುವ ಹುಡುಗಿ ತಲೆಯೆತ್ತದೆ, "ಜೊತೆಗೆ ಬಂದವರ ಹೆಸರು? ಸಂಬಂಧ?" ಎಂದಳು. ದುರ್ಗಮ್ಮ ಹೆಸರು ಹೇಳಿ ನಿಂತಳು. ಸಂಬಂಧ ಏನೆಂದು ಹೇಳಬೇಕು? ಟೇಲರ್ ಎಂದರೆ ನಗುತ್ತಾರೆ. ಹಿಂದೆ ನಿಂತಿದ್ದ ಮುದುಕನೊಬ್ಬ ಬೇಗ ಹೇಳಿ ಎಂಬಂತೆ ಕೆಮ್ಮಿದ. "ಅಕ್ಕ," ಎಂದಳು ಪ್ರತಿಭಾ ಹಿಂದಿನಿಂದ. ಹುಡುಗಿ ಬರೆದುಕೊಂಡಳು. ದುರ್ಗಮ್ಮನಿಗೆ ಕಿವಿಯ ತುದಿಯವರೆಗೂ ನಾಚಿಕೆಯಾಯಿತು. ಕದ್ದ ಮಾಲಿನ ಮೇಲೆ ತನ್ನ ಹೆಸರು ಬರೆಸಿಕೊಂಡಂತೆ ಆಗಿ, ಮೇಲಿನ ಮಾಳಿಗೆಯ ಮೆಟ್ಟಿಲು ಹತ್ತುವಾಗಲೂ ಅವಳು ಪ್ರತಿಭಾಳಿಗಿಂತ ಎರಡು ಮೆಟ್ಟಿಲು ಹಿಂದೆಯೇ ಉಳಿದಳು. ಕಾಯುವ ಬೆಂಚಿನ ಎದುರಿನ ಗೋಡೆಗೆ ಒಂದು ಪಟ ಹಚ್ಚಿದ್ದರು. ಹೆಂಗಸೊಬ್ಬಳು ಒಂದು ಕೈ ಮೇಲೆತ್ತಿ ಇನ್ನೊಂದು ಕೈಯಿಂದ ತನ್ನ ಮೊಲೆಯನ್ನು ಸುತ್ತ ಒತ್ತಿ ನೋಡಿಕೊಳ್ಳುವ ಆರು ಚಿತ್ರಗಳು. ಪ್ರತಿಭಾ ಅದನ್ನು ನೋಡಿ, "ಈ ಪಟ ನಮ್ಮ ಅಂಗನವಾಡೀಲೂ ಉಂಟು. ನಾನೇ ಹಚ್ಚಿದ್ದು," ಎಂದಳು. ದುರ್ಗಮ್ಮ ಹೂಂಗುಟ್ಟಿದಳು. ದೀಪಾವಳಿಯ ವಿಷಯ ಹೇಳಲು ಇದೇ ಸರಿಯಾದ ಹೊತ್ತು ಎಂದು ಗೊತ್ತಿತ್ತು. ಒಳಗಿನಿಂದ ಹೆಸರು ಕರೆದರು.

ಡಾಕ್ಟರ್ ಅಭಿಜ್ಞಾ ಮೂವತ್ತೂ ದಾಟದ ಹುಡುಗಿಯ ಹಾಗಿದ್ದಳು. ಕಾಗದಗಳನ್ನು ಓದುತ್ತಲೇ ಪ್ರತಿಭಾಳ ಕೈಯನ್ನು ಮೇಜಿನ ಮೇಲೆ ಹಿಡಿದುಕೊಂಡಳು. ಅದನ್ನು ಕಂಡಾಗಲೇ ದುರ್ಗಮ್ಮನಿಗೆ ಗೊತ್ತಾಗಿಹೋಯಿತು. "ಅಮ್ಮಾ, ಇದು ಕ್ಯಾನ್ಸರ್ ಹೌದು. ಮೊದಲು ಅದನ್ನು ಹೇಳಿಬಿಡ್ತೇನೆ, ಆಮೇಲೆ ಉಳಿದದ್ದು." ಪ್ರತಿಭಾ ತಲೆಯಾಡಿಸಿದಳು, ಹಾಜರಿ ಕೂಗುವಾಗ ಆಡಿಸುವಂತೆ. ಡಾಕ್ಟರು ಇಂಗ್ಲಿಷಿನ ಒಂದೊಂದು ಸಾಲಿನ ಕೆಳಗೂ ಪೆನ್ನಿನ ತುದಿಯಿಟ್ಟು ಹೇಳುತ್ತ ಹೋದಳು. ಗ್ರೇಡ್ ಎರಡು, ಅಂದರೆ ನಡುವಿನದು. ಗಂಟಿನ ಅಳತೆ ಎರಡು ಪಾಯಿಂಟ್ ಎಂಟು ಸೆಂಟಿಮೀಟರ್. ಹಾರ್ಮೋನಿನ ಎರಡು ಪರೀಕ್ಷೆ ಪಾಸಿಟಿವ್. "ಪಾಸಿಟಿವ್ ಅಂದ್ರೆ ಮತ್ತೂ ಕೆಟ್ಟದ್ದಾ?" ಎಂದು ಪ್ರತಿಭಾ ಕೇಳಿದಳು. "ಇಲ್ಲ ಅಮ್ಮಾ, ಇದರಲ್ಲಿ ಅದು ಒಳ್ಳೇದು. ದಿನಾ ಒಂದು ಮಾತ್ರೆ, ಕೆಲವು ವರ್ಷ ತಗೊಂಡರೆ ಅದನ್ನು ತಡೀಬಹುದು ಅಂತ ಅರ್ಥ. ಕಂಕುಳಿನ ಗಂಟಿಗೂ ಸೂಜಿ ಹಾಕಿದ್ವಲ್ಲ, ಅಲ್ಲೂ ಸ್ವಲ್ಪ ಇದೆ. ಹುಬ್ಬಳ್ಳಿ ಆಸ್ಪತ್ರೆಗೆ ಬರೆದುಕೊಡ್ತೇನೆ. ಬೇರೆ ಕಡೆ ಎಲ್ಲಾದರೂ ಇದೆಯಾ ಅಂತ ಸ್ಕ್ಯಾನ್ ಮಾಡಿ, ಮೊದಲು ಆಪರೇಶನ್ನಾ, ಕಿಮೋನಾ ಅಂತ ಅವರು ಹೇಳ್ತಾರೆ. ಗುಣ ಆಗುವ ಕಾಯಿಲೆ ಇದು. ಕಷ್ಟ ಇದೆ, ಆದರೆ ಗುಣ ಆಗುತ್ತೆ ಅಂತಲೇ ನಾವು ಶುರು ಮಾಡೋದು."

ದುರ್ಗಮ್ಮ ಎರಡು ಪಾಯಿಂಟ್ ಎಂಟರಲ್ಲೇ ನಿಂತುಬಿಟ್ಟಿದ್ದಳು. ಟೇಪಿನ ಒಂದು ಬದಿಗೆ ಇಂಚು, ಹಿಂಬದಿಗೆ ಸೆಂಟಿಮೀಟರು. ಹಿಂಬದಿಯನ್ನು ಅವಳು ಯಾವತ್ತೂ ನೋಡಿದವಳಲ್ಲ. ಈಗ ಮನಸ್ಸಿನಲ್ಲೇ ಟೇಪನ್ನು ಮಗುಚಿ ನೋಡಿದಳು. ಒಂದಿಂಚು ದಾಟಿ ಒಂದು ಗೆರೆ. ದೀಪಾವಳಿಯಲ್ಲಿ ಒಂದಿಂಚು ಇರಲಿಲ್ಲ, ಖಂಡಿತ ಇರಲಿಲ್ಲ. ಅವಳಿಗೆ ತಾನೇ ಹೊಲಿಗೆ ಬಿಚ್ಚಿ ಜಾಗ ಮಾಡಿಕೊಟ್ಟೆ, ಅದು ಬಂದು ತುಂಬಿಕೊಂಡಿತು ಎನ್ನಿಸಿತು. ಹಾಗೆ ಅಲ್ಲ ಎಂದು ಬುದ್ಧಿಗೆ ಗೊತ್ತಿತ್ತು. ಬಟ್ಟೆಗೂ ಗಂಟಿಗೂ ಏನು ಸಂಬಂಧ. ಬುದ್ಧಿಗೆ ಗೊತ್ತಿದ್ದರಿಂದ ಏನೂ ಕಡಿಮೆಯಾಗಲಿಲ್ಲ. "ಮೊದಲು ಕೈಗೆ ಸಿಕ್ಕಿದ್ದು ಯಾವಾಗ? ಹಳೇ ಚೀಟಿಯಲ್ಲಿ ಎರಡು ತಿಂಗಳು ಅಂತಿದೆ," ಎಂದಳು ಡಾಕ್ಟರು. "ಹೌದು, ಎರಡು ತಿಂಗಳು," ಎಂದಳು ಪ್ರತಿಭಾ. "ಎರಡೇ ತಿಂಗಳಿಗೆ ಇಷ್ಟಾಗಿದ್ದರೆ ಸ್ವಲ್ಪ ಜೋರಾಗೇ ಬೆಳೀತಿದೆ ಅಂತ. ಹುಬ್ಬಳ್ಳಿಯವರಿಗೆ ಹಾಗೇ ಬರೀತೇನೆ." ಪೆನ್ನು ಕಾಗದದ ಮೇಲೆ ಓಡಿತು. ದೀಪಾವಳಿಯಿಂದ ಲೆಕ್ಕ ಹಾಕಿದರೆ ಎರಡಲ್ಲ, ಹತ್ತು. ದುರ್ಗಮ್ಮ ಎದುರಿನ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಳು, ಡಾಕ್ಟರು ಒಂದು ಸಲ ತನ್ನತ್ತ ನೋಡಿ, "ನೀವು ಅಕ್ಕನಾ? ಧೈರ್ಯ ಹೇಳಿ," ಎಂದಾಗಲೂ ಅವಳು ತಲೆಯಾಡಿಸಿದಳು.

ಕೆಳಗೆ ಬಂದು ಔಷಧದ ಅಂಗಡಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತರು. ಪ್ರತಿಭಾ ಅಳಲಿಲ್ಲ. ಫೈಲನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅದರ ದಾರವನ್ನು ಬಿಚ್ಚಿ ಕಟ್ಟುತ್ತಿದ್ದಳು. "ನಾಳೆ ಮಕ್ಕಳ ತೂಕ ಮಾಡೂದಿತ್ತು," ಎಂದಳು. "ರಕ್ಷಿತಂಗೆ ಪರೀಕ್ಷೆ ಮುಗೀಲಿ, ಆಮೇಲೆ ಹೇಳ್ತೆ," ಎಂದಳು. ರಕ್ಷಿತಾ ಅವಳ ಮಗಳು, ಪಿಯುಸಿ. "ಇವ್ರಿಗೆ ಊಟ ಆದ್ಮೇಲೆ ಹೇಳ್ತೆ. ಮೊದ್ಲೇ ಹೇಳಿದ್ರೆ ಉಣ್ಣೂದಿಲ್ಲ." ಹೀಗೆ ಒಬ್ಬೊಬ್ಬರಿಗೂ ಒಂದೊಂದು ಹೊತ್ತನ್ನು ಗೊತ್ತುಮಾಡುತ್ತಿದ್ದವಳ ಮುಖವನ್ನು ನೋಡಲಾಗದೆ ದುರ್ಗಮ್ಮ ನೆಲ ನೋಡುತ್ತ, "ಅಕ್ಕೋರೆ, ಅದು ಎರಡು ತಿಂಗಳಿಂದಲ್ಲ," ಎಂದಳು. ದನಿ ತನ್ನದೇ ಅನ್ನಿಸಲಿಲ್ಲ. "ದೀಪಾವಳಿಗೆ ನನ್ನ ಕೈಗೆ ಸಿಕ್ಕಿತ್ತು. ಗೊತ್ತಾಗಿತ್ತು ನಂಗೆ. ಹೇಳ್ಲಿಲ್ಲ. ದಪ್ಪ ಆಗಿದ್ರಿ ಅಂದ್ಬಿಟ್ಟೆ."

ಪ್ರತಿಭಾ ದಾರ ಕಟ್ಟುವುದನ್ನು ನಿಲ್ಲಿಸಲಿಲ್ಲ. "ಗೊತ್ತು," ಎಂದಳು.

"ಎಂತ ಗೊತ್ತು?"

"ನಿಮಗೆ ಗೊತ್ತಾಗಿತ್ತು ಅಂಬುದು ಗೊತ್ತು. ಅದಕ್ಕಿಂತ ಎರಡು ದಿನ ಮುಂಚೆ ಮೀಯುವಾಗ ನಂಗೇ ಸಿಕ್ಕಿತ್ತು ದುರ್ಗಕ್ಕ. ಹೌದಾ ಅಲ್ದಾ ಹೇಳಿ ಯಾರ ಹತ್ರ ಕೇಳೂದು? ಡಾಕ್ಟ್ರ ಹತ್ರ ಹೋದ್ರೆ ಹೌದು ಅಂದ್ಬಿಡ್ತಾರೆ ಹೇಳಿ ಹೆದರಿಕೆ. ಇವ್ರ ಹತ್ರ ಹೇಳೂಹಾಂಗಿಲ್ಲ. ನಾಚಿಕೆ ಇಲ್ದೆ ಅಲ್ಲಿ ಮುಟ್ಟೂದು ಅಂದ್ರೆ ನಿಮ್ಮ ಕೈ ಒಂದೇ. ಅದ್ಕೇ ಬಂದದ್ದು. ರವಿಕೆ ಎಂತದೂ ಎಳೀತಿರ್ಲಿಲ್ಲ."

ಔಷಧದ ಅಂಗಡಿಯವನು ಯಾರಿಗೋ ಮಾತ್ರೆಯನ್ನು ಯಾವಾಗ ತಿನ್ನಬೇಕೆಂದು ಗಟ್ಟಿಯಾಗಿ ಹೇಳುತ್ತಿದ್ದ. ದುರ್ಗಮ್ಮನಿಗೆ ಕ್ಯಾಲೆಂಡರ್ ನೋಡುತ್ತಿದ್ದ ಆ ಮುಖ ನೆನಪಾಯಿತು. ಪ್ರತಿಭಾ ತಾರೀಖು ನೋಡುತ್ತಿರಲಿಲ್ಲ. ತನ್ನ ಬೆರಳು ಅಲ್ಲಿ ನಿಂತ ಅಷ್ಟೂ ಹೊತ್ತು ಅವಳು ಉಸಿರು ಹಿಡಿದು ದುರ್ಗಮ್ಮನ ಬಾಯಿಯಿಂದ ಬರುವ ಮಾತಿಗಾಗಿ ಕಾಯುತ್ತಿದ್ದಳು. ಬಂದದ್ದು ಉಪ್ಪಿಟ್ಟಿನ ಮಾತು.

"ನೀವು ದಪ್ಪ ಅಂದಾಗ ನಂಗೆ ಎಷ್ಟು ಹಗುರಾಯ್ತು ಗೊತ್ತಾ," ಎಂದು ಪ್ರತಿಭಾ ಮುಂದುವರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೇ ಆಯಾಸ. "ರವಿಕೆ ಮನೆಗೆ ಬಂದ್ಮೇಲೆ ಮಗುಚಿ ನೋಡ್ದೆ. ಎಡಗಡೆ ಮಾತ್ರ ಬಿಚ್ಚಿದ್ರಿ. ದಪ್ಪ ಆದೋರು ಒಂದೇ ಬದಿ ದಪ್ಪ ಆಗ್ತ್ರಾ? ಅಷ್ಟು ಗೊತ್ತಾಗದ ದಡ್ಡಿ ಅಲ್ಲ ನಾನು. ಆದ್ರೂ ನಿಮ್ಮ ಮಾತನ್ನೇ ಹಿಡ್ಕಂಡೆ. ಪ್ರತಿ ಸಲ ಕೈಗೆ ಸಿಕ್ಕಾಗ್ಲೂ, ದುರ್ಗಕ್ಕ ನೋಡಿ ಆಯ್ತು, ಎಂತದೂ ಇಲ್ಲ ಹೇಳಿ ಅಂದ್ಕಂಡೆ." ಅವಳು ಫೈಲನ್ನು ದುರ್ಗಮ್ಮನ ಮಡಿಲಿಗಿಟ್ಟಳು. "ಈಗ ಮೇಲೆ ಹೋಗಿ ಡಾಕ್ಟ್ರಿಗೆ ಸರಿಯಾಗಿ ಹೇಳಿ. ಪಟ ಹಚ್ಚಿದೋಳು ನಾನು, ನನ್ನ ಬಾಯಿಂದ ಆಗೂದಿಲ್ಲ."

ದುರ್ಗಮ್ಮ ಒಬ್ಬಳೇ ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ನಿಂತ ಆಯಾ, "ನಿಮ್ಮದು ಆಯ್ತಲ್ಲ," ಎಂದು ತಡೆದಳು. ಸಾಲಿನಲ್ಲಿ ಕೂತವರು ಗೊಣಗಿದರು. ಒಬ್ಬಳು ಮಗುವನ್ನೆತ್ತಿಕೊಂಡು ಹೊರಗೆ ಬಂದ ಸಂದಿಯಲ್ಲಿ ಅವಳು ತಲೆತಗ್ಗಿಸಿ ಒಳಗೆ ನುಗ್ಗಿ, ಫೈಲನ್ನು ಮೇಜಿನ ಮೇಲಿಟ್ಟು, "ಎರಡು ತಿಂಗಳಲ್ಲ, ಹತ್ತು ತಿಂಗಳಾಯ್ತು. ದೀಪಾವಳಿ ಹಿಂದಿನ ವಾರ ನಾನೇ ಮುಟ್ಟಿ ನೋಡಿದ್ದೆ," ಎಂದಳು. "ನಾನು ಅಕ್ಕ ಅಲ್ಲ. ಅವ್ರ ರವಿಕೆ ಹೊಲಿಯೋಳು." ಬೈಯುತ್ತಾಳೆ ಎಂದು ದುರ್ಗಮ್ಮ ಕಾದಳು, ಬೈದಿದ್ದರೆ ಒಳ್ಳೆಯದಿತ್ತು. ಡಾಕ್ಟರು ಮೇಜಿನ ಖಾನೆಯಿಂದ ಪುಟ್ಟ ಸ್ಕೇಲ್ ತೆಗೆದು, "ಅವತ್ತು ಎಷ್ಟಿತ್ತು?" ಎಂದಳು. ದುರ್ಗಮ್ಮ ಬಲಗೈ ಎತ್ತಿದಳು. ಯೋಚಿಸಬೇಕಾಗಲಿಲ್ಲ. ಹೆಬ್ಬೆರಳು ತೋರುಬೆರಳುಗಳು ತಾವಾಗಿಯೇ ಸರಿದು, ಅಷ್ಟಕ್ಕೇ ನಿಂತವು. ಡಾಕ್ಟರು ಆ ಸಂದಿಗೆ ಸ್ಕೇಲ್ ಹಿಡಿದು, "ಒಂದೂವರೆ ಸೆಂಟಿಮೀಟರ್," ಎಂದು ಬರೆದುಕೊಂಡು, ಹಳೆಯ ಸಾಲನ್ನು ಹೊಡೆದುಹಾಕಿದಳು. "ಹತ್ತು ತಿಂಗಳಲ್ಲಿ ಇಷ್ಟು ಅಂದರೆ ನಾನು ಹೆದರಿದಷ್ಟು ಜೋರಿಲ್ಲ. ಹೇಳಿದ್ದು ಒಳ್ಳೇದಾಯ್ತು." ಆಮೇಲೆ ಪೆನ್ನು ಮುಚ್ಚುತ್ತ, ತನಗೇ ಎಂಬಂತೆ, "ಆಗಲೇ ಬಂದಿದ್ದರೆ ಬಹುಶಃ ಕಂಕುಳಿಗೆ ಹೋಗಿರ್ತಿರಲಿಲ್ಲ," ಎಂದಳು, ಕೂಡಲೇ ತಲೆಯೆತ್ತಿ, "ಅದನ್ನೆಲ್ಲ ಈಗ ಅವರಿಗೆ ಹೇಳಬೇಡಿ. ಏನು ಪ್ರಯೋಜನ," ಎಂದು ಸೇರಿಸಿದಳು. ದುರ್ಗಮ್ಮ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದಳು. "ಆಯ್ತಮ್ಮ, ಕೈ ಇಳಿಸಿ," ಎಂದಳು ಡಾಕ್ಟರು.

ದುರ್ಗಮ್ಮ ಫೈಲು ಹಿಡಿದು ಮೆಟ್ಟಿಲು ಇಳಿದಳು. ಹೇಳಬೇಡಿ ಎಂದು ಓದಿದವರೇ ಹೇಳಿದ್ದಾರೆ. ಜೋರಿಲ್ಲವಂತೆ ಎಂಬಷ್ಟನ್ನೇ ಹೇಳಿದರೂ ಸುಳ್ಳಾಗುವುದಿಲ್ಲ, ಅವಳಿಗೂ ಹಗುರಾಗುತ್ತದೆ, ಇಬ್ಬರೂ ಪೇಟೆಗೆ ಹೋಗಿ ಲೈನಿಂಗ್ ತೆಗೆದುಕೊಂಡು ಬಸ್ಸು ಹತ್ತಬಹುದು. ಕೆಳಗೆ ಪ್ರತಿಭಾ ಅದೇ ಬೆಂಚಿನ ಮೇಲೆ, ಅದೇ ರೀತಿ ಕೂತು, ಇವಳ ಮುಖವನ್ನೇ ನೋಡುತ್ತಿದ್ದಳು. "ಎಂತ ಅಂದ್ರು?" ಎಂದಳು.

ದುರ್ಗಮ್ಮ ಅವಳ ಎಡ ಮಗ್ಗುಲಿಗೆ ಕೂತಳು. "ಜೋರಾಗಿ ಬೆಳೀತಿಲ್ಲ ಅಂದ್ರು. ಮತ್ತೊಂದು ಅಂದ್ರು. ನಿಮಗೆ ಹೇಳ್ಬೇಡಿ ಅಂದ್ರು, ಆದ್ರೂ ಹೇಳ್ತೆ." ಬಲಗೈಯನ್ನು ಅವಳು ಈ ಸಲ ಅಡಗಿಸಲಿಲ್ಲ. "ದೀಪಾವಳಿಗೇ ಬಂದಿದ್ರೆ ಕಂಕುಳಿಗೆ ಹೋಗ್ತಿರ್ಲಿಲ್ವೇನೋ ಅಂದ್ರು. ನಾನು ಅವತ್ತು ಒಂದು ಮಾತು ಹೇಳಿದ್ರೆ ನೀವು ಬರ್ತಿದ್ರಿ ಅಕ್ಕೋರೆ."

ಬೆಳಿಗ್ಗೆಯಿಂದ ಮೊದಲ ಸಲ ಪ್ರತಿಭಾಳ ಕಣ್ಣು ತುಂಬಿತು, ಒರೆಸಿಕೊಳ್ಳಲು ಹೋಗಲಿಲ್ಲ.

"ಬರ್ತಿದ್ದೆ," ಎಂದಳು.